ತೋಟದ ಯಂತ್ರ ಮತ್ತು ದೋಣಿಯ ಮೋಟಾರಿನಲ್ಲಿ ಇ20 ಪೆಟ್ರೋಲ್: ಒಂದು ಬಳಕೆಯ ವಿಮರ್ಶೆ

ಇವತ್ತು ಬಂಕಿಗೆ ಹೋಗಿ ಸಾದಾ ಪೆಟ್ರೋಲ್ ಕೇಳಿದರೆ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಇ20. ಇದರಿಂದ ಕಾರಿನ ಮೈಲೇಜ್ ಎಷ್ಟು ಇಳಿಯಿತು, ಹಳೆಯ ಬೈಕು ತಡೆದುಕೊಳ್ಳುತ್ತದೆಯೇ ಎಂಬ ಚರ್ಚೆ ಬೇಕಾದಷ್ಟು ನಡೆದಿದೆ. ಅದೇ ಪೆಟ್ರೋಲನ್ನು ಕ್ಯಾನಿನಲ್ಲಿ ಮನೆಗೆ ತಂದು ಕಳೆ ಕೊಚ್ಚುವ ಬ್ರಶ್ ಕಟರಿಗೆ, ಔಷಧಿ ಹೊಡೆಯುವ ಪಂಪಿಗೆ, ಮರ ಕೊಯ್ಯುವ ಚೈನ್ ಸಾಗೆ, ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಮೋಟಾರಿಗೆ ಹಾಕುವವರ ಅನುಭವದ ಬಗ್ಗೆ ಮಾತ್ರ ಯಾರೂ ಹೆಚ್ಚು ಬರೆದಂತಿಲ್ಲ. ಮಲೆನಾಡಿನ ಅಡಿಕೆ ತೋಟದಲ್ಲಿ ಈ ಯಂತ್ರಗಳನ್ನು ನಂಬಿಕೊಂಡಿರುವವನಾಗಿ, ಇ20 ಪೆಟ್ರೋಲನ್ನು ಒಂದು ಸರಕೆಂದು ಪರಿಗಣಿಸಿ ಇಲ್ಲಿ ವಿಮರ್ಶಿಸುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ದಿನವೂ ಓಡುವ ಎಂಜಿನ್ನಿಗೆ ಇದು ಪರವಾಗಿಲ್ಲ ಎನ್ನಬಹುದಾದ ಇಂಧನ, ವಾರಗಟ್ಟಲೆ ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲುವ ಎಂಜಿನ್ನಿಗೆ ಸಲ್ಲದ ಇಂಧನ. ನಮ್ಮ ತೋಟಗಳ ಯಂತ್ರಗಳೆಲ್ಲ ಬಹುಪಾಲು ಎರಡನೆಯ ವರ್ಗಕ್ಕೆ ಸೇರಿದವು ಎಂಬುದೇ ತೊಂದರೆ.

ಪೆಟ್ರೋಲಿಗೆ ಎಥನಾಲ್ ಬೆರೆಸುವ ಕಾರ್ಯಕ್ರಮ ದೇಶದಲ್ಲಿ ಆರಂಭವಾದದ್ದು 2003ರಲ್ಲಿ. ಶೇ 10ರ ಮಟ್ಟವನ್ನು 2022ರ ಜೂನ್‌ನಲ್ಲಿ ಮುಟ್ಟಲಾಯಿತು. 2023ರ ಫೆಬ್ರುವರಿ 6ರಂದು ಇ20 ಮಾರಾಟಕ್ಕೆ ಚಾಲನೆ ದೊರೆತದ್ದು ನಮ್ಮ ಬೆಂಗಳೂರಿನಲ್ಲೇ, ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. 2030ಕ್ಕೆ ಇಟ್ಟುಕೊಂಡಿದ್ದ ಶೇ 20ರ ಗುರಿಯನ್ನು ಹಿಂದಕ್ಕೆ ಎಳೆದು 2025ರಲ್ಲೇ ತಲುಪಿದರು. ಆಮದು ತೈಲದ ಖರ್ಚು ಉಳಿಯುತ್ತದೆ, ಬೆಳಗಾವಿ, ಬಾಗಲಕೋಟೆಯ ಕಬ್ಬಿಗೆ ಸಕ್ಕರೆಯ ಹೊರತಾಗಿ ಇನ್ನೊಂದು ದಾರಿ ಸಿಗುತ್ತದೆ ಎಂಬ ವಾದಗಳನ್ನು ನಾನು ಅಲ್ಲಗಳೆಯುವುದಿಲ್ಲ. ಒಬ್ಬ ಬೆಳೆಗಾರನಿಗೆ ಆಗುವ ಅನುಕೂಲದ ಖರ್ಚು ಇನ್ನೊಬ್ಬ ಬೆಳೆಗಾರನ ಎಂಜಿನ್ನಿನಲ್ಲಿ ಇಂಧನಕ್ಕೆ ಗಾಳಿ ಬೆರೆಸುವ ಕಾರ್ಬೊರೇಟರಿನ ಮೇಲೆ ಬೀಳುತ್ತಿದೆ ಎಂಬುದನ್ನಷ್ಟೇ ಇಲ್ಲಿ ಗುರುತಿಸುತ್ತೇನೆ.

ಬಂಕಿನಿಂದ ತಂದ ದಿನವೇ ಬಳಸಿದರೆ ಇ20 ಹೇಗಿದೆ? ನಾಲ್ಕು ಸ್ಟ್ರೋಕಿನ ನೀರಿನ ಪಂಪು ಮತ್ತು ಸ್ಪ್ರೇಯರ್ ಎಂಜಿನ್ನುಗಳಲ್ಲಿ ಹೇಳಿಕೊಳ್ಳುವಂತಹ ತಕರಾರು ಇಲ್ಲ. ತಣ್ಣಗಿರುವಾಗ ಚೋಕನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿಯಬೇಕಾಗುತ್ತದೆ, ಭಾರ ಬಿದ್ದಾಗ ಕೆಲವೊಮ್ಮೆ ಎಂಜಿನ್ ತುಸು ಮುಗ್ಗರಿಸುತ್ತದೆ, ಅದೇ ಕೆಲಸಕ್ಕೆ ಪೆಟ್ರೋಲ್ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನಲ್ಲಿರುವುದಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಇರುವುದರಿಂದ ಇದು ನಿರೀಕ್ಷಿತವೇ. ಹೆಚ್ಚಿನ ಆಕ್ಟೇನ್ (ಒತ್ತಡದಲ್ಲಿ ಹೊತ್ತಿಗೆ ಮೊದಲೇ ಉರಿಯದಿರುವ ಗುಣದ ಅಂಕಿ) ಸಿಗುತ್ತದೆ, 91 ಇದ್ದದ್ದು 95 ಆಗಿದೆ ಎಂದು ಸರ್ಕಾರ ಹೇಳುವುದು ನಿಜವಾದರೂ, ಕಡಿಮೆ ಒತ್ತಡದಲ್ಲಿ ಓಡುವ ಪಂಪಿನ ಎಂಜಿನ್ನಿಗೆ ಆ ನಾಲ್ಕು ಅಂಕಿಗಳಿಂದ ಕಾಸಿನ ಪ್ರಯೋಜನವಿಲ್ಲ.

ಎರಡು ಸ್ಟ್ರೋಕಿನ, ಅಂದರೆ ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸುವ, ಬ್ರಶ್ ಕಟರ್ ಮತ್ತು ಚೈನ್ ಸಾಗಳ ವಿಷಯದಲ್ಲಿ ಇಷ್ಟು ಉದಾರವಾಗಿ ಮಾತನಾಡಲಾರೆ. ಪೆಟ್ರೋಲ್ ಸಂಪೂರ್ಣವಾಗಿ ಉರಿಯಲು ಅದರ ತೂಕದ ಸುಮಾರು 14.7 ಪಟ್ಟು ಗಾಳಿ ಬೇಕು. ಎಥನಾಲಿಗೆ 9 ಪಟ್ಟು ಸಾಕು, ಏಕೆಂದರೆ ಅದರೊಳಗೇ ಆಮ್ಲಜನಕವಿದೆ. ಹಾಗಾಗಿ ಇ20ಗೆ ಬೇಕಾದದ್ದು ಹೆಚ್ಚುಕಡಿಮೆ 13.5 ಪಟ್ಟು ಗಾಳಿ. ಕಾರಿನಲ್ಲಿ ಹೊಗೆನಳಿಗೆಯ ಸೆನ್ಸರ್ ಈ ವ್ಯತ್ಯಾಸವನ್ನು ಗ್ರಹಿಸಿ ಹೆಚ್ಚು ಇಂಧನ ಬಿಡುವಂತೆ ಮಾಡುತ್ತದೆ. ತೋಟದ ಯಂತ್ರದಲ್ಲಿರುವುದು ತೂತಿನ ಅಳತೆ ನಿಗದಿಯಾದ ಒಂದು ಹಿತ್ತಾಳೆಯ ಜೆಟ್. ಅದಕ್ಕೆ ಇಂಧನ ಬದಲಾದದ್ದು ಗೊತ್ತಾಗುವುದಿಲ್ಲ. ಪರಿಣಾಮವಾಗಿ ಎಂಜಿನ್ ಶೇ 8ರಷ್ಟು ಗಾಳಿ ಹೆಚ್ಚಾದ, ಇಂಧನ ಕಡಿಮೆಯಾದ ಮಿಶ್ರಣದಲ್ಲಿ, ಮೆಕ್ಯಾನಿಕ್ಕುಗಳ ಮಾತಿನಲ್ಲಿ ಲೀನ್ ಆಗಿ, ಓಡುತ್ತದೆ. ಗಾಳಿಯಿಂದಲೇ ತಂಪಾಗಬೇಕಾದ, ಇಂಧನದ ಜೊತೆ ಬರುವ ಎಣ್ಣೆಯನ್ನೇ ನಂಬಿರುವ ಪಿಸ್ಟನ್ನಿಗೆ ಇದು ಒಳ್ಳೆಯದಲ್ಲ. ಬಿಸಿಲಿನಲ್ಲಿ ದಪ್ಪ ಕಳೆ ಹೊಡೆದ ಮೇಲೆ ಪ್ಲಗ್ ಬಿಚ್ಚಿ ನೋಡಿದರೆ, ಕಾಫಿಪುಡಿಯ ಬಣ್ಣಕ್ಕೆ ಇರಬೇಕಾದ ಅದರ ತುದಿ ಬೂದಿಯ ಹಾಗೆ ಬಿಳಿಚಿಕೊಂಡಿರುತ್ತದೆ. ಕಾರ್ಬೊರೇಟರಿನಲ್ಲಿ ಎಚ್ ಎಂದು ಬರೆದ ತಿರುಪು ಇದ್ದರೆ ಅದನ್ನು ತುಸುವೇ ಬಿಚ್ಚಿ ಸರಿಮಾಡಿಸಬಹುದು. ಇದನ್ನು ಬಲ್ಲ ಮೆಕ್ಯಾನಿಕ್ಕಿನ ಕೈಯಲ್ಲೇ ಮಾಡಿಸಬೇಕು.

ಇದಕ್ಕಿಂತ ಗಂಭೀರವಾದ, ಆದರೆ ಯಾರೂ ಮಾತನಾಡದ ವಿಷಯ ಐಡ್ಲಿಂಗಿನದು, ಅಂದರೆ ಥ್ರಾಟಲ್ ಒತ್ತದಿರುವಾಗ ಎಂಜಿನ್ ನಿಧಾನವಾಗಿ ಓಡುತ್ತಿರುವುದರದು. ಮಿಶ್ರಣ ಲೀನ್ ಆದಾಗ ಕೆಲವು ಯಂತ್ರಗಳಲ್ಲಿ ಐಡ್ಲಿಂಗ್ ವೇಗ ತಾನಾಗಿಯೇ ಏರುತ್ತದೆ, ಏರಿದಾಗ ಕ್ಲಚ್ ಹಿಡಿದುಕೊಳ್ಳುತ್ತದೆ, ಹಿಡಿದುಕೊಂಡಾಗ ಥ್ರಾಟಲ್ ಒತ್ತದೆಯೇ ಬ್ಲೇಡ್ ತಿರುಗುತ್ತದೆ. ಅಮೆರಿಕದ ಇಂಧನ ಇಲಾಖೆಯ ಪ್ರಯೋಗಾಲಯಗಳು 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಶೇ 15 ಮತ್ತು 20ರ ಮಿಶ್ರಣ ಹಾಕಿದಾಗ ಕೈಯಲ್ಲಿ ಹಿಡಿಯುವ ಹುಲ್ಲು ಕತ್ತರಿಸುವ ಯಂತ್ರಗಳಲ್ಲಿ ಹೀಗೆ ತಾನಾಗಿ ಕ್ಲಚ್ ಹಿಡಿದದ್ದು ದಾಖಲಾಗಿದೆ. ನಮ್ಮಲ್ಲಿ ಕಳೆ ಕೊಚ್ಚುವವರು ಬಾಳೆಗಿಡ, ಮೆಣಸಿನ ಬಳ್ಳಿಯ ಬುಡ, ತುಂತುರು ನೀರಾವರಿಯ ಪೈಪುಗಳ ನಡುವೆ, ಎಷ್ಟೋ ಸಲ ಬರಿಗಾಲಿನಲ್ಲೇ, ಯಂತ್ರವನ್ನು ಐಡ್ಲಿಂಗಿನಲ್ಲಿ ಬಿಟ್ಟು ಓಡಾಡುತ್ತಾರೆ. ಹೊಸ ಕ್ಯಾನಿನ ಪೆಟ್ರೋಲ್ ಹಾಕಿದಾಗಲೆಲ್ಲ ಥ್ರಾಟಲ್ ಬಿಟ್ಟು ಬ್ಲೇಡ್ ಪೂರ್ತಿ ನಿಲ್ಲುತ್ತದೆಯೇ ಎಂದು ನೋಡಿಯೇ ಕೆಲಸಕ್ಕೆ ಇಳಿಯಬೇಕು.

ತಯಾರಕರು ಏನು ಹೇಳುತ್ತಾರೆ ಎಂಬುದು ಯಂತ್ರದ ಜೊತೆ ಬರುವ ಕೈಪಿಡಿಯಲ್ಲಿ ಇರುತ್ತದೆ. ಅದನ್ನು ನಾವು ಬಿಲ್ಲಿನ ಜೊತೆ ಮಡಚಿ ಕಪಾಟಿನಲ್ಲಿ ಇಟ್ಟಿರುತ್ತೇವೆ. ಹೋಂಡಾದ ಜಿಎಕ್ಸ್35 ಎಂಜಿನ್ನಿನ ಕೈಪಿಡಿ ಶೇ 10ಕ್ಕಿಂತ ಹೆಚ್ಚು ಎಥನಾಲ್ ಇರುವ ಪೆಟ್ರೋಲ್ ಬೇಡ ಎನ್ನುತ್ತದೆ. ಸ್ಟಿಲ್ ಕಂಪನಿಯ ಕೈಪಿಡಿಗಳು, ಕೈಯಿಂದ ಹೊಂದಿಸುವ ಕಾರ್ಬೊರೇಟರ್ ಇರುವ ಎಂಜಿನ್ನುಗಳಲ್ಲಿ ಶೇ 10 ಮೀರಿದರೆ ಓಟದಲ್ಲಿ ತೊಂದರೆ ಬರಬಹುದೆಂದೂ, ತಾನಾಗಿ ಹೊಂದಿಕೊಳ್ಳುವ ಎಂ-ಟ್ರಾನಿಕ್ ವ್ಯವಸ್ಥೆ ಇರುವವು ಅದಕ್ಕಿಂತ ಬಹಳ ಹೆಚ್ಚಿನ ಪ್ರಮಾಣದಲ್ಲೂ ಪೂರ್ಣ ಶಕ್ತಿ ಕೊಡುತ್ತವೆಂದೂ ವಿವರಿಸುತ್ತವೆ. ಅಂದರೆ ಎಥನಾಲಿಗೆ ತಕ್ಕ ಸಣ್ಣ ಎಂಜಿನ್ ಮಾಡಲು ಬರುವುದಿಲ್ಲ ಎಂದೇನಲ್ಲ. ಬ್ರೆಜಿಲ್ ದೇಶದಲ್ಲಿ ವರ್ಷಗಳಿಂದ ಶೇ 27, ಈಗ ಶೇ 30ರ ಮಿಶ್ರಣವೇ ಸಾಮಾನ್ಯ ಪೆಟ್ರೋಲ್. ಅಲ್ಲಿಯೂ ಹುಲ್ಲು ಕೊಚ್ಚುತ್ತಾರೆ, ಮರ ಕೊಯ್ಯುತ್ತಾರೆ. ಅಲ್ಲಿಯ ಯಂತ್ರಗಳು ಅದಕ್ಕೆಂದೇ ತಯಾರಾದವು. ನಮ್ಮ ಮನೆಗಳಲ್ಲಿರುವವು ಬೇರೆ ಇಂಧನಕ್ಕೆಂದು ಮಾಡಿದವು.

ಇನ್ನು ಯಂತ್ರ ನಿಂತಾಗಿನ ವಿಷಯ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಶೇ 1ರ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಒಮ್ಮೆ, ಆಮೇಲೆ 40–45 ದಿನ ಬಿಟ್ಟು ಇನ್ನೊಮ್ಮೆ ಹೊಡೆಯುವುದು ರೂಢಿ. ಈ ಎರಡು ಸಿಂಪಡಣೆಗಳ ನಡುವೆ ಪಂಪು ಕೆಲಸವಿಲ್ಲದೆ ನಿಲ್ಲುತ್ತದೆ. ಅದೂ ಎಂತಹ ಹೊತ್ತಿನಲ್ಲಿ? ಹಪ್ಪಳ ಡಬ್ಬಿಯೊಳಗೇ ಮೆತ್ತಗಾಗುವ, ಚಪ್ಪಲಿಗೆ ಬೂಷ್ಟು ಹಿಡಿಯುವ ಆಷಾಢದ ತೇವದಲ್ಲಿ. ಎಥನಾಲ್ ನೀರನ್ನು ಎಳೆದುಕೊಳ್ಳುವ ವಸ್ತು. ಇಂಧನ ಹಾಗೆಯೇ ಉಳಿದ ಕಾರ್ಬೊರೇಟರಿನ ಬಟ್ಟಲನ್ನು ಎರಡನೆಯ ಸಿಂಪಡಣೆಯ ಹೊತ್ತಿಗೆ ಬಿಚ್ಚಿದರೆ ಕಾಣುವುದು ಹೀಗೆ: ತಳದಲ್ಲಿ ಉಪ್ಪಿನ ಹಾಗೆ ಹರಳುಗಟ್ಟಿದ ಬಿಳಿ ಪುಡಿ, ಇದು ಅಲ್ಯೂಮಿನಿಯಂ ತಿಂದುಹೋದ ಗುರುತು, ಹಿತ್ತಾಳೆಯ ಜೆಟ್ಟಿನ ಸುತ್ತ ಹಸಿರು ಬಣ್ಣದ ಅಂಟು, ಸೂಜಿಯ ಮೊನೆಯಷ್ಟಿದ್ದ ಪೈಲಟ್ ಜೆಟ್ಟಿನ ತೂತು ಬೆಳಕಿಗೆ ಹಿಡಿದರೂ ಕಾಣದಂತೆ ಮುಚ್ಚಿಹೋಗಿರುವುದು. ಮೋಡ ಬಿರಿದು ಎರಡು ದಿನ ಹೊಳವಾದಾಗ ಊರಿನವರೆಲ್ಲ ಒಟ್ಟಿಗೆ ದೋಟಿ ಹಿಡಿದು ತೋಟಕ್ಕೆ ಇಳಿಯುತ್ತಾರೆ, ಔಷಧಿ ಹೊಡೆಯುವವರು ಅದೊಂದೇ ಹೊತ್ತಿನಲ್ಲಿ ಸಿಗುತ್ತಾರೆ, ಮೈಲುತುತ್ತ, ಸುಣ್ಣ ಕಲಸಿ ಇಟ್ಟಾಗಿರುತ್ತದೆ. ಕಲಸಿದ ಬೋರ್ಡೋ ಅಂದೇ ಖಾಲಿಯಾಗಬೇಕು. ಅಂತಹ ಬೆಳಿಗ್ಗೆ ಎಂಜಿನ್ ಹಗ್ಗ ಎಳೆದೆಳೆದು ತೋಳು ಸೋತರೂ ಕೆಮ್ಮದಿದ್ದರೆ ಆಗುವ ನಷ್ಟದ ಮುಂದೆ ಮೈಲೇಜಿನ ನಷ್ಟ ಲೆಕ್ಕಕ್ಕೇ ಬರುವುದಿಲ್ಲ.

ಬ್ರಶ್ ಕಟರ್, ಚೈನ್ ಸಾಗಳಲ್ಲಿ ಬಟ್ಟಲಿನ ಬದಲು ಕಾಗದದಷ್ಟು ತೆಳ್ಳಗಿನ ಒಂದು ಡಯಾಫ್ರಾಮ್ ಇರುತ್ತದೆ. ಇದು ಬೆರಳಿಗೆ ರೇಷ್ಮೆಯ ಹಾಗೆ ಮಿದುವಾಗಿರಬೇಕು. ಎಥನಾಲಿನಲ್ಲಿ ನೆನೆದು, ಒಣಗಿ, ಮತ್ತೆ ನೆನೆದು ಇದು ಗಡುಸಾದರೆ ಇಂಧನವನ್ನು ಸರಿಯಾಗಿ ಎಳೆಯುವುದಿಲ್ಲ. ಯಂತ್ರ ಸ್ಟಾರ್ಟ್ ಆದರೂ ಥ್ರಾಟಲ್ ಕೊಟ್ಟ ಕೂಡಲೇ ಆರಿಹೋಗುತ್ತದೆ. ಟ್ಯಾಂಕಿನೊಳಗಿನ ಸಣ್ಣ ರಬ್ಬರ್ ನಳಿಗೆ ಮೊದಲು ಉಬ್ಬಿ ಮೆತ್ತಗಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಒಳ್ಳೆಯ ಸುದ್ದಿ ಎಂದರೆ ಡಯಾಫ್ರಾಮ್ ಕಿಟ್ಟೂ ನಳಿಗೆಯೂ ದುಬಾರಿಯಲ್ಲ. ಬದಲಿಸುವಾಗ ಅಂಗಡಿಯಲ್ಲಿ ಕೈಗೆ ಸಿಕ್ಕಿದ ಸಾದಾ ರಬ್ಬರ್ ನಳಿಗೆ ತೆಗೆದುಕೊಳ್ಳದೆ ಎಥನಾಲ್ ತಾಳುವ ವೈಟಾನ್ ರಬ್ಬರಿನದನ್ನೇ ಕೇಳಿ ಪಡೆಯುವುದು ಲೇಸು.

ನೀರು ಬೇರ್ಪಡುವ ವಿಷಯದಲ್ಲಿ ಹೆದರಿಕೆಯೂ ಇದೆ, ತಪ್ಪು ತಿಳಿವಳಿಕೆಯೂ ಇದೆ. ಗಾಳಿಯ ತೇವ ಒಂದರಿಂದಲೇ ಟ್ಯಾಂಕಿನ ಪೆಟ್ರೋಲ್ ಎರಡು ಪದರವಾಗಿ ಒಡೆಯುವುದು ಅಪರೂಪ; ಮುಚ್ಚಳ ಬಿಗಿಯಾಗಿದ್ದರೆ ತೇವ ಒಳಸೇರುವುದು ಬಹಳ ನಿಧಾನ. ಶೇ 10ರ ಮಿಶ್ರಣ ಸುಮಾರು ಶೇ 0.5ರಷ್ಟು ನೀರನ್ನು ಕರಗಿಸಿಕೊಂಡು ಇರಬಲ್ಲದು. ಎಥನಾಲ್ ಹೆಚ್ಚಿದ್ದಷ್ಟೂ ಈ ಮಿತಿಯೂ ಹೆಚ್ಚು, ಆದ್ದರಿಂದ ಈ ಒಂದು ವಿಷಯದಲ್ಲಿ ಇ20 ತನ್ನ ಹಿಂದಿನ ಮಿಶ್ರಣಕ್ಕಿಂತ ಮೇಲು. ಕೆಡಿಸುವುದು ಹೊರಗಿನಿಂದ ಬೀಳುವ ನೀರು. ಬ್ರಶ್ ಕಟರಿನ ಟ್ಯಾಂಕ್ ಒಂದು ಲೀಟರ್ ಸಹ ಇರುವುದಿಲ್ಲ. ಮಳೆಯಲ್ಲಿ ಮುಚ್ಚಳ ತೆರೆದು ತುಂಬಿಸುವಾಗ ರೇನ್‌ಕೋಟಿನ ತೋಳಿನಿಂದ ಇಳಿದ ಒಂದೆರಡು ಚಮಚ ನೀರು, ಅಥವಾ ಹೊರಗೆ ನೇತುಹಾಕಿದ್ದ ಆಲಿಕೆಯಲ್ಲಿ ನಿಂತ ನೀರು ಅಷ್ಟಕ್ಕೇ ಸಾಕು. ಮಿತಿ ಮೀರಿದ ಕೂಡಲೇ ನೀರು ಎಥನಾಲನ್ನೂ ಎಳೆದುಕೊಂಡು ತಳಕ್ಕೆ ಇಳಿಯುತ್ತದೆ. ಎರಡು ಸ್ಟ್ರೋಕ್ ಯಂತ್ರಕ್ಕೆ ಮಾರಕವಾಗುವುದು ಇಲ್ಲಿ: ನಾವು ಅಳೆದು ಬೆರೆಸಿದ 2ಟಿ ಎಣ್ಣೆ ಮೇಲಿನ ಪೆಟ್ರೋಲಿನ ಪದರದಲ್ಲೇ ಉಳಿಯುತ್ತದೆ, ಟ್ಯಾಂಕಿನ ಫಿಲ್ಟರ್ ತನ್ನ ಭಾರಕ್ಕೆ ತಳದಲ್ಲಿ ಮುಳುಗಿ ಎಣ್ಣೆಯಿಲ್ಲದ ಪದರವನ್ನು ಹೀರುತ್ತದೆ. ಎಂಜಿನ್ ಓಡಿದಷ್ಟು ಹೊತ್ತು ಎಣ್ಣೆಯಿಲ್ಲದೆ ಓಡುತ್ತದೆ, ಆಮೇಲೆ ಸೀಜ್ ಆಗುತ್ತದೆ, ಅಂದರೆ ಪಿಸ್ಟನ್ ಕಚ್ಚಿಕೊಂಡು ನಿಂತುಬಿಡುತ್ತದೆ. ರಿಪೇರಿ ಅಂಗಡಿಯಲ್ಲಿ ಇದನ್ನು ‘ಎಣ್ಣೆ ಸರಿಯಾಗಿ ಹಾಕಿಲ್ಲ’ ಎಂದು ಮಾಲೀಕನ ತಲೆಗೆ ಕಟ್ಟುವುದೇ ಹೆಚ್ಚು.

ಎಥನಾಲ್ ಇಲ್ಲದ ಪೆಟ್ರೋಲ್ ಸಿಗುವುದಿಲ್ಲವೇ ಎಂದು ಕೇಳುವವರಿಗೆ ಇರುವ ಒಂದೇ ದಾರಿ 100 ಆಕ್ಟೇನಿನ ಪೆಟ್ರೋಲ್. ಇಂಡಿಯನ್ ಆಯಿಲ್ ತನ್ನ ಎಕ್ಸ್‌ಪಿ100 ಅನ್ನು 2020ರ ಡಿಸೆಂಬರಿನಲ್ಲಿ ದುಬಾರಿ ಕಾರು, ಬೈಕುಗಳನ್ನು ಕಣ್ಣಮುಂದಿಟ್ಟುಕೊಂಡು ಮಾರುಕಟ್ಟೆಗೆ ತಂದಿತು. ಕೆಲವೇ ದೊಡ್ಡ ಊರುಗಳ ಆಯ್ದ ಬಂಕುಗಳಲ್ಲಿ ಸಿಗುತ್ತದೆ, ಸಾದಾ ಪೆಟ್ರೋಲಿಗಿಂತ ಲೀಟರಿಗೆ 50 ರೂಪಾಯಿಗೂ ಮಿಕ್ಕಿ ಹೆಚ್ಚು ಕೊಡಬೇಕು. ಕಳೆ ಹೊಡೆಯುವ ಯಂತ್ರಕ್ಕೆ ರೇಸಿಂಗ್ ಬೈಕಿನ ಪೆಟ್ರೋಲ್ ಎಂದರೆ ನಗು ಬರಬಹುದು. ಆದರೆ ನಮಗೆ ಬೇಕಾಗಿರುವುದು ಅದರ ಆಕ್ಟೇನ್ ಅಲ್ಲ. 95 ಆಕ್ಟೇನಿನ ಪ್ರೀಮಿಯಂ ಕೊಂಡರೆ ಎಥನಾಲ್ ತಪ್ಪುತ್ತದೆ ಎಂದು ಭಾವಿಸಿ ಹಣ ಕಳೆದುಕೊಳ್ಳಬೇಡಿ. ಯಾವುದೇ ಪೆಟ್ರೋಲ್ ಆಗಲಿ, ಹೆಸರನ್ನು ನಂಬದೆ ಪರೀಕ್ಷಿಸಿ ನೋಡುವುದು ಸುಲಭ. 100 ಮಿಲಿ ಅಳತೆಯ ಗಾಜಿನ ಕೊಳವೆಗೆ 10 ಮಿಲಿ ನೀರು, ಅದರ ಮೇಲೆ 90 ಮಿಲಿ ಪೆಟ್ರೋಲ್ ಹಾಕಿ, ಬಿಗಿಯಾಗಿ ಮುಚ್ಚಿ ಚೆನ್ನಾಗಿ ಅಲುಗಾಡಿಸಿ, ಬೆಂಕಿಯಿಂದ ದೂರ, ಬಯಲಿನಲ್ಲಿ ಇಟ್ಟು ಕಾಯಬೇಕು. ಎಥನಾಲ್ ಇಲ್ಲದಿದ್ದರೆ ತಳದ ನೀರಿನ ಗೆರೆ 10ರಲ್ಲೇ ನಿಲ್ಲುತ್ತದೆ. ಶೇ 20 ಇದ್ದರೆ ಎಥನಾಲೆಲ್ಲ ನೀರಿಗೆ ಇಳಿದು ಆ ಗೆರೆ 25ನ್ನು ದಾಟುತ್ತದೆ. ಪರೀಕ್ಷೆಗೆ ಬಳಸಿದ ಪೆಟ್ರೋಲನ್ನು ಮತ್ತೆ ಯಂತ್ರಕ್ಕೆ ಸುರಿಯಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕರಾವಳಿಯ ಕಡೆ ಚಿತ್ರ ಸ್ವಲ್ಪ ಬೇರೆ. ಮಲ್ಪೆ, ಗಂಗೊಳ್ಳಿ, ಭಟ್ಕಳ, ಕಾರವಾರದ ನಾಡದೋಣಿಗಳಲ್ಲಿ ಬಹಳ ಕಾಲದಿಂದ ಇರುವುದು ಸೀಮೆಎಣ್ಣೆಯ ಔಟ್‌ಬೋರ್ಡ್; ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಪದ್ಧತಿ. ಸಬ್ಸಿಡಿ ಸೀಮೆಎಣ್ಣೆ ಸಮಯಕ್ಕೆ ಸಿಗದೆ ಬೇಸತ್ತವರು ಪೂರ್ತಿ ಪೆಟ್ರೋಲ್ ಮೋಟಾರಿನತ್ತ ನೋಡುತ್ತಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ 10 ಅಶ್ವಶಕ್ತಿಯವರೆಗಿನ ಮೋಟಾರಿನ ನಾಡದೋಣಿಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ ಇವು ಮಳೆಗಾಲದಲ್ಲೂ ಓಡುತ್ತವೆ, ಓಡುವ ಮಟ್ಟಿಗೆ ಇ20ರ ಕಾಟ ಕಡಿಮೆ. ಆದರೆ ಕಡಲಿನ ಮೇಲೆ ನೀರು ಬೆರೆತ ಇಂಧನ ಎಂದರೆ ತೋಟದಲ್ಲಿ ಯಂತ್ರ ನಿಂತ ಹಾಗಲ್ಲ. ಅಳಿವೆಯ ಬಾಯಿಯಲ್ಲಿ ತೆರೆ ಏಳುವಾಗ ಎಂಜಿನ್ ಕೆಮ್ಮಿದರೆ ಜೀವಕ್ಕೇ ಸಂಚಕಾರ. ಟ್ಯಾಂಕಿಗೂ ಮೋಟಾರಿಗೂ ನಡುವೆ ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಹಾಕಿಸುವುದನ್ನು ಐಚ್ಛಿಕ ಎಂದು ನಾನು ಪರಿಗಣಿಸುವುದಿಲ್ಲ. ಅದು ಸಣ್ಣ ಪ್ರಮಾಣದ ನೀರನ್ನು ಹಿಡಿದಿಡುತ್ತದೆ, ತಳದಲ್ಲಿ ಪಾರದರ್ಶಕ ಬಟ್ಟಲಿದ್ದರೆ ಹೊರಡುವ ಮೊದಲೇ ಕಣ್ಣಿಗೂ ಕಾಣುತ್ತದೆ. ಪೆಟ್ರೋಲ್ ಪದರವಾಗಿ ಒಡೆದೇ ಹೋಗಿದ್ದರೆ ಮಾತ್ರ ಯಾವ ಫಿಲ್ಟರೂ ಕಾಯಲಾರದು, ಟ್ಯಾಂಕ್ ಖಾಲಿ ಮಾಡಿಯೇ ಹೊರಡಬೇಕು. ಹೊನ್ನಾವರದ ಶರಾವತಿ ಹಿನ್ನೀರಿನಂತಹ ಕಡೆ ಪ್ರವಾಸಿಗರನ್ನು ಸುತ್ತಾಡಿಸುವ ದೋಣಿಗಳಲ್ಲಿ ಪೆಟ್ರೋಲ್ ಮೋಟಾರು ಇದ್ದರೆ ಅವುಗಳ ಪಾಡು ನಮ್ಮ ಸ್ಪ್ರೇಯರಿನದೇ: ಮಳೆಗಾಲ ಪೂರ್ತಿ ಬಿಡುವು.

ಅಮೆರಿಕದಲ್ಲಿ ಶೇ 15ರ ಮಿಶ್ರಣ ಬಂದಾಗ ಅದನ್ನು 2001ರಿಂದ ಈಚೆಗಿನ ಕಾರುಗಳಿಗೆ ಮಾತ್ರ ಅನುಮತಿಸಿ, ದೋಣಿ, ಮೋಟಾರ್ ಸೈಕಲ್ ಮತ್ತು ಹುಲ್ಲು ಕೊಚ್ಚುವಂತಹ ಯಂತ್ರಗಳಿಗೆ ಹಾಕುವುದನ್ನು ಕಾನೂನಿನಲ್ಲೇ ನಿಷೇಧಿಸಿದರು. ಪಂಪಿನ ಮೇಲೆ ಕಿತ್ತಳೆ, ನೀಲಿ ಬಣ್ಣದ ಚೀಟಿ ಅಂಟಿಸುವುದನ್ನೂ ಕಡ್ಡಾಯ ಮಾಡಿದರು. ಅಲ್ಲಿ ಶೇ 10ರ ಮಿಶ್ರಣ ದೋಣಿಗಳಲ್ಲಿ ಸಾಮಾನ್ಯವಾಗಿ ನಡೆಯುತ್ತದೆ, ಔಟ್‌ಬೋರ್ಡ್ ತಯಾರಕರೂ ಒಪ್ಪುತ್ತಾರೆ. ಅಲ್ಲಿ ಅನುಭವದಿಂದ ಕಲಿತ ಇನ್ನೊಂದು ಪಾಠ ನಮ್ಮ ದೋಣಿ ಕಟ್ಟುವವರಿಗೂ ಅನ್ವಯಿಸುತ್ತದೆ: ಹಳೆಯ ಫೈಬರ್ ಗ್ಲಾಸ್ ಇಂಧನ ಟ್ಯಾಂಕುಗಳ ರಾಳವನ್ನು ಎಥನಾಲ್ ಕರಗಿಸಿ, ಆ ಕಪ್ಪು ಅಂಟು ಎಂಜಿನ್ನಿನ ಕವಾಟಗಳಿಗೆ ಮೆತ್ತಿಕೊಂಡದ್ದುಂಟು. ಫೈಬರ್ ದೋಣಿ ಮಾಡಿಸುವವರು ಟ್ಯಾಂಕನ್ನೂ ಅದರಲ್ಲೇ ಮಾಡಿಸದೆ ಪ್ರತ್ಯೇಕ ಟ್ಯಾಂಕ್ ಇಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟರ ನಡುವೆಯೂ ಇ20 ಹಾಕಿಯೇ ಯಂತ್ರವನ್ನು ಚೆನ್ನಾಗಿ ಇಟ್ಟುಕೊಳ್ಳಲು ಸಾಧ್ಯವಿದೆ, ಅದಕ್ಕೆ ಬೇಕಾಗಿರುವುದು ಶಿಸ್ತು. ವಾರಕ್ಕೆ ಬೇಕಾದಷ್ಟನ್ನೇ ತರುವುದು. ಎಣ್ಣೆ ಬೆರೆಸಿದ ಪೆಟ್ರೋಲನ್ನು ತಿಂಗಳಾಚೆ ಇಡದಿರುವುದು. ಕೆಲಸ ಮುಗಿದ ದಿನ ಪಂಪಿನ ಪೆಟ್ರೋಲ್ ಕಾಕ್ ಮುಚ್ಚಿ ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ, ಬಟ್ಟಲಿನ ತಳದ ತಿರುಪನ್ನು ಬಿಚ್ಚಿ ಉಳಿದ ಹನಿಗಳನ್ನೂ ಇಳಿಸುವುದು. ನನ್ನ ಮಟ್ಟಿಗೆ ಇದಕ್ಕಿಂತ ಫಲ ಕೊಟ್ಟದ್ದು ಸೀಸನ್ನಿನ ಕೊನೆಯ ಟ್ಯಾಂಕನ್ನು 100 ಆಕ್ಟೇನಿನಲ್ಲಿ ಓಡಿಸಿ ಯಂತ್ರವನ್ನು ಒಳಗಿಡುವುದು. ವರ್ಷಕ್ಕೆ ಒಂದೆರಡು ಲೀಟರಿನ ಮಾತು, ಒಂದು ಸಲದ ಕಾರ್ಬೊರೇಟರ್ ಸರ್ವಿಸಿನ ಖರ್ಚಿಗಿಂತ ಕಡಿಮೆ. ಅಂಗಡಿಗಳಲ್ಲಿ ಸಿಗುವ ಸ್ಟೆಬಿಲೈಸರ್ ದ್ರವಗಳು ಪೆಟ್ರೋಲ್ ಹಳಸುವುದನ್ನು ನಿಧಾನಗೊಳಿಸುತ್ತವೆ ಎಂಬುದಷ್ಟೇ ಸರಿ. ಬೇರ್ಪಟ್ಟ ನೀರನ್ನು ಮತ್ತೆ ಕರಗಿಸುತ್ತೇವೆ ಎಂದು ಹೇಳಿಕೊಳ್ಳುವವುಗಳಿಗೆ ನಾನು ಹಣ ಕೊಡುವುದಿಲ್ಲ.

ಕೊನೆಯದಾಗಿ ಮಾರಾಟದ ಬಗೆಗೆ. ಈ ಸರಕಿನ ದೊಡ್ಡ ದೋಷ ಅದರ ಗುಣಕ್ಕಿಂತ ಹೆಚ್ಚಾಗಿ ಅದನ್ನು ಮಾರುವ ರೀತಿಯಲ್ಲಿದೆ. 2023ರ ಏಪ್ರಿಲಿನಿಂದ ಈಚೆಗೆ ತಯಾರಾದ ವಾಹನಗಳ ಬಿಡಿಭಾಗಗಳು ಇ20 ತಾಳುವಂತಿರಬೇಕೆಂಬ ನಿಯಮವಿದ್ದು, ಕಾರು ಕೊಳ್ಳುವವನಿಗೆ ಅದರ ಮಾಹಿತಿ ಸಿಗುತ್ತದೆ. ಬ್ರಶ್ ಕಟರ್ ಕೊಳ್ಳುವ ಕೃಷಿಕನಿಗೆ ಆ ಮಾತನ್ನು ಅಂಗಡಿಯವರೂ ಹೇಳುವುದಿಲ್ಲ, ಬಂಕಿನವರೂ ಹೇಳುವುದಿಲ್ಲ. ಎಥನಾಲ್ ರಹಿತ ಪೆಟ್ರೋಲಿನ ಆಯ್ಕೆಯೂ ಬಂಕಿನಲ್ಲಿ ಸ್ಪಷ್ಟವಾದ ಚೀಟಿಯೂ ಇರಬೇಕೆಂದು ಕೋರಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಹಳೆಯ ಪೆಟ್ರೋಲ್ ಮರಳಿ ಬರುವುದಿಲ್ಲ ಎಂದಾದ ಮೇಲೆ, ಅಡಿಕೆ ಬೆಳೆಯುವ ತಾಲ್ಲೂಕಿಗೆ ಒಂದಾದರೂ ಬಂಕಿನಲ್ಲಿ 100 ಆಕ್ಟೇನ್ ಸಿಗುವಂತಾಗಲಿ ಎಂಬುದು ದೊಡ್ಡ ಬೇಡಿಕೆಯೇನಲ್ಲ. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಇಟ್ಟರೂ ಸಾಕು.